ಆರ್ಡಿಸ್ ಮಲಗಿಸಿಟ್ಟ ಬಾಡಿಗೆದಾರ

ನಮ್ಮೂರಿನಲ್ಲಿ ಯಾರ ಬೆನ್ನು ನೋಡಿದರೂ ಅಲ್ಲಿ ಆರ್ಡಿಸಳ ಕೈಕೆಲಸ ಕಾಣುತ್ತದೆ. ಹಾಕಿ ತಂಡದ ಹುಡುಗರ ಜಾಕೆಟ್ಟಿನ ಮೇಲೆ ರೆಕ್ಕೆ ಬಿಚ್ಚಿದ ಲೂನ್ ಹಕ್ಕಿ ಅವಳದು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಕ್ಲಬ್ಬಿನವರ ಸ್ವೆಟರಿನ ಬ್ಯಾಡ್ಜು ಅವಳದು. ಗಣಿಯಲ್ಲಿ ದುಡಿದು ನಿವೃತ್ತರಾದ ಮುದುಕರು ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಕೂತಾಗ, ಅವರ ಟೋಪಿಗಳ ಮೇಲೆ ಅದಿರು ಎತ್ತುವ ದೊಡ್ಡ ಯಂತ್ರವೊಂದು ಹಲ್ಲು ಕಿರಿಯುತ್ತಿರುತ್ತದಲ್ಲ, ಅದೂ ಅವಳದೇ. ಆ ಯಂತ್ರವನ್ನು ಅವಳ ಗಂಡ ರೂಡಿ ಓಡಿಸುತ್ತಿದ್ದ. ಅವನು ಹೋದ ಮೇಲೆ ಅವಳು ಅದನ್ನು ದಾರದಲ್ಲಿ ಬಿಡಿಸಿ ಊರಿನವರ ತಲೆಮೇಲೆ ಕೂರಿಸಿದಳು.

ನಾನು ಜೋಸಿ. ಅವಳ ಕಸೂತಿ ಅಂಗಡಿಗೆ ಗೋಡೆ ಅಂಟಿಕೊಂಡೇ ನನ್ನ ಬೇಕರಿ ಇದೆ. ಆ ಗೋಡೆ ಎಷ್ಟು ತೆಳ್ಳಗೆಂದರೆ ಅವಳ ಆರು ಸೂಜಿಯ ಯಂತ್ರ ಶುರುವಾದರೆ ನನ್ನ ಕಡೆ ಪೊಟೀಟ್ಸಾ ಅನ್ನುವ ಸಿಹಿ ಸುರುಳಿ ರೊಟ್ಟಿಗೆ ಕುಟ್ಟಿಟ್ಟ ಆಕ್ರೋಟ್ ಬೋಗುಣಿಯಲ್ಲಿ ಕುಣಿಯುತ್ತದೆ. ಹಾಗಾಗಿ ಅಲ್ಲಿ ಆಡಿದ ಮಾತೆಲ್ಲ ನನ್ನ ಕಿವಿಗೆ ಬಿದ್ದಿದೆ. ಕದ್ದು ಕೇಳಿದೆ ಅಂತ ಯಾರಾದರೂ ಅಂದರೆ ಅನ್ನಲಿ, ನನಗೇನು. ಆರ್ಡಿಸಳ ಬಾಯಿಂದ ಈ ಕಥೆ ಹೊರಗೆ ಬರುವುದಿಲ್ಲ. ಅವಳು ಯಾರನ್ನೂ ದೂರುವವಳಲ್ಲ. ನನಗೆ ಆ ಒಳ್ಳೆತನ ಇಲ್ಲ.

ಅವಳು ಹುಟ್ಟಿದ್ದು ಗಣಿ ಕಂಪನಿಯವರು ಕಟ್ಟಿಸಿದ ಸಾಲುಮನೆಯಲ್ಲಿ. ಒಣಗಲು ಹಾಕಿದ ಬಿಳಿ ಬಟ್ಟೆ ಅದಿರಿನ ಧೂಳಿಗೆ ಸಂಜೆ ಹೊತ್ತಿಗೆ ಕೆಂಪಾಗುವ ಜಾಗ ಅದು. ಅವಳಮ್ಮ ಗಣಿಯವರ ಅಂಗಿಗಳ ಮೇಲೆ ಕೈಯಲ್ಲೇ ಹೆಸರು ಹೊಲಿದುಕೊಡುತ್ತಿದ್ದಳು. ಸ್ಲೊವೇನಿಯದವರು, ಫಿನ್ಲೆಂಡಿನವರು, ಇಟಲಿಯವರು, ಎಲ್ಲರ ಹೆಸರೂ ನಾಲಿಗೆ ತಿರುಚುವಂಥವೇ; ಒಂದು ಅಕ್ಷರ ತಪ್ಪಿದರೂ ಗಂಡಸರು ಜಗಳಕ್ಕೆ ಬರುತ್ತಿದ್ದರಂತೆ. ಆರ್ಡಿಸ್ ಆ ಅಮ್ಮನ ಪಕ್ಕ ಕೂತು ಕಲಿತವಳು. ಆಮೇಲೆ ಸಮವಸ್ತ್ರದ ಕಾರ್ಖಾನೆ ಸೇರಿದಳು, ಅದು ಮುಚ್ಚಿತು. ರೂಡಿಗೆ ಎದೆ ಕಾಯಿಲೆ ಬಂತು. ಆ ಹೊತ್ತಿನಲ್ಲಿ ಜೊತೆಗೆ ನಿಂತವಳು ಲವಾನ್.

ಲವಾನ್ ಅಂದರೆ ನಮ್ಮ ಶಾಲೆಯ ಕಚೇರಿಯಲ್ಲಿದ್ದವಳು. ಚುರುಕು, ಮಾತುಗಾರ್ತಿ, ನಗು ಅಂದರೆ ಬೀದಿಯ ಆ ತುದಿಗೆ ಕೇಳಬೇಕು. ಇವರಿಬ್ಬರದು ಒಂದನೇ ತರಗತಿಯ ಸ್ನೇಹ. ಒಂದೇ ಬೆಂಚು, ಒಂದೇ ಸೌನಾದ ಹಬೆಸ್ನಾನ, ಒಂದೇ ಸಲ ದಡಾರ. ಲವಾನಳ ಗಂಡ ಅವಳನ್ನು ಬಿಟ್ಟುಹೋದಾಗ ಆರ್ಡಿಸ್ ತನ್ನ ಮನೆಯ ಮಹಡಿ ಕೋಣೆ ಬಿಟ್ಟುಕೊಟ್ಟಳು. ಆರ್ಡಿಸಳ ಗಂಡ ಆಸ್ಪತ್ರೆಯಲ್ಲಿ ಮಲಗಿದಾಗ ಲವಾನ್ ರಾತ್ರಿ ಹಗಲು ಅನ್ನದೆ ಕಾರು ಓಡಿಸಿದಳು. ಇದು ಸುಳ್ಳಲ್ಲ, ನಾನೇ ಕಂಡಿದ್ದೇನೆ. ಸುಳ್ಳಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಇಬ್ಬರೂ ಸೇರಿ ಹಳೇ ಚಪ್ಪಲಿ ಅಂಗಡಿಯಲ್ಲಿ ಕಸೂತಿ ಅಂಗಡಿ ಇಟ್ಟರು. ಮೊದಲ ದಿನವೇ ಮಾತಾಯಿತು: ಅಂಗಡಿ ಇಬ್ಬರದು, ಬಿಡಿಸಿದ ಚಿತ್ರ ಆರ್ಡಿಸಳದು. ಹಾಗಂತ ಹೇಳಿದವಳು ಲವಾನೇ. ನಮ್ಮಲ್ಲಿ ಬಾಯಿಮಾತು ಸಾಕು, ಕೈ ಕುಲುಕಿದರೆ ಮುಗಿಯಿತು.

ಕಂಪ್ಯೂಟರು ಲವಾನಳದು, ಶಾಲೆಯಿಂದ ಬಿಡುವಾಗ ತಂದ ದೊಡ್ಡ ಮ್ಯಾಕ್. ಗಿರಾಕಿಗಳ ಪತ್ರ, ಫೋಟೋ, ಅಂಗಡಿಯ ಜಾಹೀರಾತು ಎಲ್ಲ ಅವಳು ಅದರಲ್ಲೇ ನೋಡಿಕೊಳ್ಳುತ್ತಿದ್ದಳು. ಆದರೆ ಆರ್ಡಿಸ್ ಚಿತ್ರವನ್ನು ಹೊಲಿಗೆಯಾಗಿ ಮಾಡುವ ಪ್ರೋಗ್ರಾಮು ವಿಂಡೋಸ್ ಬಿಟ್ಟು ಬೇರೆಯದರ ಮೇಲೆ ಓಡುವುದಿಲ್ಲ. ಇನ್ನೊಂದು ಕಂಪ್ಯೂಟರ್ ಇಡಲು ಅಂಗಡಿಯಲ್ಲಿ ಜಾಗ ಎಲ್ಲಿ? ಗ್ರಂಥಾಲಯದಲ್ಲಿ ಶನಿವಾರ ಕಂಪ್ಯೂಟರ್ ಪಾಠ ಹೇಳುವ ಮನುಷ್ಯ ಬಂದು, ಆ ಮ್ಯಾಕಿನ ಹೊಟ್ಟೆಯೊಳಗೇ ಒಂದು ವಿಂಡೋಸ್ ಕೂರಿಸಿಕೊಟ್ಟ. ಗುಂಡಿ ಒತ್ತಿದರೆ ಪರದೆಯ ಮೇಲೆ ಅದು ತನ್ನದೇ ಮನೆಯ ಹಾಗೆ ತೆರೆದುಕೊಳ್ಳುತ್ತಿತ್ತು. ಲವಾನ್ ಅದಕ್ಕೆ ಬಾಡಿಗೆದಾರ ಅಂತ ಹೆಸರಿಟ್ಟಳು.

ಒಂದೇ ಸೌದೆ ರಾಶಿಯಿಂದ ಎರಡು ಒಲೆ ಉರಿಸುವ ಕೆಲಸ ಅದು. ಬಾಡಿಗೆದಾರನಿಗೆ ಮೆಮೊರಿ ಹೆಚ್ಚು ಕೊಟ್ಟರೆ ಮನೆಯೊಡತಿ ಚಳಿಯಲ್ಲಿ ನಡುಗಬೇಕು, ಕಡಿಮೆ ಕೊಟ್ಟರೆ ಆರ್ಡಿಸಳ ಲೂನ್ ಹಕ್ಕಿ ಒಂದು ರೆಕ್ಕೆ ಬಿಚ್ಚುವಷ್ಟರಲ್ಲಿ ಕಾಫಿ ಆರಿಹೋಗಬೇಕು. ಗ್ರಂಥಾಲಯದವನು ಹೇಳಿಹೋಗಿದ್ದ: ಅವನಿಗೆ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ, ಹಳೇ ನಕಲುಗಳನ್ನು ಗುಡ್ಡೆ ಹಾಕಬೇಡಿ, ಅವನಿಗೆ ಇಂಟರ್‌ನೆಟ್ ಬೇಕಿಲ್ಲದಿದ್ದರೆ ಕಿತ್ತುಹಾಕಿ, ಡಿಸ್ಕಿನಲ್ಲಿ ಒಂದಿಷ್ಟು ಜಾಗ ಸದಾ ಖಾಲಿ ಇರಲಿ. ಎಲ್ಲಕ್ಕಿಂತ ಮುಖ್ಯ, ಕೆಲಸ ಮುಗಿದ ಮೇಲೆ ಅವನನ್ನು ಮಲಗಿಸಿ ಎದ್ದುಹೋಗಬೇಡಿ, ಪೂರ್ತಿ ಮುಚ್ಚಿ. ಮಲಗಿಸಿಟ್ಟರೆ ನಾಳೆ ಬೇಗ ಎದ್ದು ಇದ್ದಲ್ಲಿಂದಲೇ ಕೆಲಸ ಶುರು ಮಾಡುತ್ತಾನೆ ನಿಜ, ಆದರೆ ದಿನೇದಿನೇ ಮಂಕಾಗುತ್ತಾನೆ, ಮನೆಯನ್ನೂ ಮಂಕು ಮಾಡುತ್ತಾನೆ.

ಆರ್ಡಿಸಳಿಗೆ ಮಲಗಿಸುವುದೇ ಇಷ್ಟ. ಬೆಳಗ್ಗೆ ಬಂದ ತಕ್ಷಣ ನಿನ್ನೆ ಬಿಟ್ಟ ಹೊಲಿಗೆಯ ಮೇಲೇ ಕಣ್ಣು ಬೀಳಬೇಕು ಅವಳಿಗೆ. ಲವಾನ್ ಬಿಡುತ್ತಿರಲಿಲ್ಲ. ದಿನಾ ಸಂಜೆ ಗೋಡೆಯಾಚೆ ಇದೇ ರಾಮಾಯಣ. ನಿನ್ನ ಬಾಡಿಗೆದಾರ ಹಾಸಿಗೆ ಬಿಟ್ಟು ಎದ್ದಿಲ್ಲ ನೋಡು, ನನ್ನ ಫೋಟೋ ತೆರೆಯೋಕೆ ಅರ್ಧ ಆಯುಷ್ಯ ಹೋಯ್ತು, ಅವನನ್ನು ಹೊರಗೆ ಕಳಿಸಿ ಚಿಲಕ ಹಾಕೇ, ಅಂತ ಲವಾನ್. ಬರೀ ಮನೆ ಇದ್ರೆ ನಿಂಗೆ ಅನ್ನ ಹುಟ್ಟುತ್ತಾ, ದುಡಿಯೋನು ಅವನು ಕಣೇ, ಅಂತ ಇವಳು. ಕೊನೆಗೆ ಆರ್ಡಿಸ್ ಗೊಣಗಿಕೊಂಡು ಪೂರ್ತಿ ಮುಚ್ಚಿಯೇ ಏಳುತ್ತಿದ್ದಳು. ಬೆಳಗ್ಗೆ ತೆರೆದಾಗ ಪಾಸ್‌ವರ್ಡ್ ಕೇಳುತ್ತಿತ್ತು.

ಆ ಪಾಸ್‌ವರ್ಡಿನದೂ ಒಂದು ಮಾತಿದೆ. ಮೊದಲ ದಿನ ಅದನ್ನು ಇಡುವಾಗ ನಾನೂ ಪೊಟೀಟ್ಸಾ ತುಂಡು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಸೌನಾದಲ್ಲಿ ಇನ್ನೊಬ್ಬರು ಬಟ್ಟೆ ಬದಲಿಸುವಾಗ ಗೋಡೆ ನೋಡುತ್ತೇವಲ್ಲ, ಹಾಗೆ ಲವಾನ್ ಮುಖ ಆ ಕಡೆ ತಿರುಗಿಸಿದಳು. ಒಳಗೆ ಯಾರನ್ನ ಇಟ್ಕೊಂಡಿದ್ದೀಯೇ, ಹೇಳು, ರೂಡಿಗೆ ನಾನು ಹೇಳಲ್ಲ, ಅಂತ ಕಿಚಾಯಿಸಿದಳು. ಇದ್ದಾರೆ ಯಾರೋ, ಅಂದಳು ಆರ್ಡಿಸ್, ಮುಖ ಕೆಂಪಗೆ ಮಾಡಿಕೊಂಡು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ರೂಡಿ ತೀರಿಕೊಂಡ ಮೇಲೆ ಅವಳು ಆ ವಿಂಡೋಸಿನ ಪರದೆ ತುಂಬ ಅವನ ಫೋಟೋ ಹಾಕಿಕೊಂಡಳು. ಹೆಪ್ಪುಗಟ್ಟಿದ ಕೆರೆಯ ಮೇಲೆ ಮೊಣಕಾಲೂರಿ, ಮೊಳದುದ್ದದ ಮೀನು ಎತ್ತಿ ಹಿಡಿದು, ಮೂಗು ಕೆಂಪಗಾಗಿ, ಹಲ್ಲು ಬಿಟ್ಟುಕೊಂಡು ನಗುತ್ತಿರುವ ರೂಡಿ. ಬೆಳಗ್ಗೆ ತೆರೆದು ಬಂದೆ ಅನ್ನುವಳು, ಸಂಜೆ ಮುಚ್ಚುವಾಗ ಬರ್ತೀನಿ ಅನ್ನುವಳು. ಆ ಹೊತ್ತಿಗೆ ನಾನು ಗೋಡೆಯಾಚೆ ತಟ್ಟೆ ತೊಳೆಯುವುದನ್ನು ನಿಲ್ಲಿಸುತ್ತಿದ್ದೆ.

ಹೀಗಿರುವಾಗ ಒಂದು ಚಳಿಗಾಲ ಲವಾನ್ ಇದ್ದಕ್ಕಿದ್ದಂತೆ ಮೆತ್ತಗಾದಳು. ಇವಳು ಮುಚ್ಚಲು ಹೋದರೆ, ಇರಲಿ ಬಿಡು ಆರ್ಡಿಸ್, ಮಲಗಿಸಿ ಹೋಗು, ನಿನಗೆ ಬೆಳಗ್ಗೆ ಅದರಲ್ಲೇ ಖುಷಿ ಅಲ್ವಾ, ನನ್ನ ಕಡೆ ಸ್ವಲ್ಪ ನಿಧಾನ ಆದ್ರೆ ಏನೀಗ, ನಾನೇನು ರೈಲು ಹಿಡೀಬೇಕಾ, ಅಂದಳು. ಆರ್ಡಿಸ್ ಆ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದಳು. ನನ್ನ ಬೇಕರಿಗೆ ಬಂದು ಹೇಳಿದಳು, ಚರ್ಚಿನಲ್ಲಿ ಹೇಳಿದಳು. ಎಷ್ಟು ವರ್ಷ ಜಗಳ ಆಡಿದ್ವಿ ಜೋಸಿ, ನಾನು ಒಂಟಿಯಾದೆ ಅಂತ ಅವಳಿಗೆ ಕರುಳು ಚುರುಕ್ ಅಂದಿದೆ ನೋಡು, ಅಂದಳು. ನಾನೂ ಹೌದು ಕಣೇ, ಬಂಗಾರದಂಥ ಹೆಂಗಸು ಅಂತ ತಲೆ ಆಡಿಸಿದೆ. ನನ್ನ ತಲೆಗೆ ಏನಾಗಿತ್ತೋ.

ಹಿಮ ಕರಗುವ ಹೊತ್ತಿಗೆ ಲವಾನ್ ಸುದ್ದಿ ತಂದಳು. ಮಗಳೂ ಅಳಿಯನೂ ಟೆಕ್ಸಸ್ ಬಿಟ್ಟು ದೊಡ್ಡ ಸರೋವರದ ದಡದ ಡುಲೂತ್ ನಗರಕ್ಕೆ ಬಂದಿದ್ದಾರೆ, ಅಳಿಯ ಅಂಗಿ ಟೋಪಿ ಮೇಲೆ ಅಚ್ಚು ಹಾಕುವ ಅಂಗಡಿ ತೆರೆದಿದ್ದಾನೆ, ಮೊಮ್ಮಗು ಸಣ್ಣದು, ನಾನು ಹೋಗಬೇಕು. ಅದರಲ್ಲಿ ತಪ್ಪೇನು? ಕಂಪ್ಯೂಟರು ನಿನಗೇ ಇರಲಿ ಅಂತ ಮ್ಯಾಕನ್ನು ಇಲ್ಲೇ ಬಿಟ್ಟಳು. ಎಷ್ಟು ದೊಡ್ಡ ಮನಸ್ಸು ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಹೊರಡುವ ದಿನ ಬಾಗಿಲಲ್ಲಿ ನಿಂತು, ಕಾರಿನ ಹತ್ತಿರ ನಿಂತು, ಕಾರಿನ ಕಿಟಕಿ ಇಳಿಸಿ, ನಮ್ಮ ಕಡೆಯ ಪದ್ಧತಿಯ ಹಾಗೆ ಹೊರಟರೂ ಹೊರಡದೆ ಒಂದಿಡೀ ಬೆಳಗು ಮಾತಾಡಿದರು. ಅಪ್ಪಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಕಡಿಮೆ, ಅವತ್ತು ಅಪ್ಪಿಕೊಂಡರು. ಲವಾನ್ ಅತ್ತಳು. ಆ ಕಣ್ಣೀರು ನಿಜವೋ ನಾಟಕವೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಆರ್ಡಿಸಳ ಅಂಗಡಿ ನಿಂತಿದ್ದೇ ಎರಡು ಕಂಬದ ಮೇಲೆ, ಹಾಕಿ ಮತ್ತು ಕರ್ಲಿಂಗ್. ಬಾಕಿ ಮದುವೆಯ ಕರವಸ್ತ್ರ, ನಾಯಿಯ ಕೋಟು, ಅವೆಲ್ಲ ಕೈಖರ್ಚಿನ ಕೆಲಸ. ಬೇಸಿಗೆ ಕಳೆದು ಹಾಕಿಯವರು ಬರುವ ಹೊತ್ತು ಬಂತು, ಅವರು ಬರಲಿಲ್ಲ. ಕರ್ಲಿಂಗಿನವರೂ ಈ ಕಡೆ ತಲೆ ಹಾಕಲಿಲ್ಲ. ಕೇಳಿದರೆ, ಈ ಸಲ ಡುಲೂತ್‌ನಲ್ಲಿ ಮಾಡಿಸ್ತಾ ಇದ್ದೀವಿ, ಬೇಗ ಕೊಡ್ತಾರೆ, ಅಂತ ನೆಲ ನೋಡಿಕೊಂಡು ಹೇಳಿದರು. ಇವಳ ಆರು ಸೂಜಿ ಸುಮ್ಮನಾಯಿತು. ನನ್ನ ಆಕ್ರೋಟ್ ಕುಣಿಯುವುದು ನಿಂತುಹೋಯಿತು. ಅಂಗಡಿಯನ್ನು ಚಳಿಗಾಲದ ಆಚೆಗೆ ಎಳೆಯುವುದು ಕಷ್ಟ ಅಂತ ಅವಳೇ ಒಂದು ದಿನ ನನ್ನ ಹತ್ತಿರ ಅಂದಳು, ಹವಾಮಾನ ಹೇಳುವವಳ ಹಾಗೆ.

ಹೊಸ ಜಾಕೆಟ್ಟುಗಳು ಬಂದವು. ಹಾಕಿ ತಂಡದವನೊಬ್ಬ ನನ್ನ ಬೇಕರಿಗೆ ಬಂದಾಗ ಬೆನ್ನು ನೋಡಿ ನಾನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಅದೇ ಲೂನ್. ಅದೇ ರೆಕ್ಕೆ, ಕುತ್ತಿಗೆಯ ಹತ್ತಿರ ಅದೇ ಬಿಳಿ ಪಟ್ಟೆ, ನೀರಿನ ಮೇಲೆ ಅದೇ ನೀಲಿ. ಅವನನ್ನು ದರದರ ಎಳೆದುಕೊಂಡು ಆರ್ಡಿಸಳ ಎದುರು ತಿರುಗಿಸಿ ನಿಲ್ಲಿಸಿದೆ. ಅವಳು ಕನ್ನಡಕ ಏರಿಸಿ, ಬೆರಳಿಂದ ಹೊಲಿಗೆ ಸವರಿ, ತುಂಬಾ ಹೊತ್ತು ನೋಡಿದಳು. ಹಳೇ ಜಾಕೆಟ್ಟು ನೋಡಿಕೊಂಡು ಯಾರು ಬೇಕಾದರೂ ಬಿಡಿಸಬಹುದು ಬಿಡು, ಅಂದಳು.

ಲವಾನಳ ಅಳಿಯನ ಅಂಗಡಿಯೂ ಡುಲೂತ್‌ನಲ್ಲೇ ಅಲ್ವೇನೇ, ಅಂತ ನಾನು ಕೇಳಿದೆ. ನನ್ನ ಬಾಯಿಗೆ ಬೀಗ ಇಲ್ಲ. ಅವಳಿಗೆ ಸಿಟ್ಟು ಬಂತು. ಅವಳಿಗೆ ಸಿಟ್ಟು ಬಂದಿದ್ದನ್ನು ನಾನು ನೋಡಿದ್ದೇ ಕಡಿಮೆ. ನಿನ್ನ ನಾಲಿಗೆಗೆ ಏನು ಬಂದಿದೆ ಜೋಸಿ, ಲವಾನ್ ಅಲ್ಲೇ ಇದ್ದಾಳೆ, ಯಾರು ನಕಲು ಮಾಡ್ತಿದ್ದಾರೆ ಅಂತ ಅವಳನ್ನೇ ಕೇಳೋಣ, ಅವಳು ಹುಡುಕಿಕೊಡ್ತಾಳೆ, ಅಂದಳು. ಅವಳ ನಂಬಿಕೆ ಅಂದರೆ ಅಷ್ಟು ಗಟ್ಟಿ.

ಅವಳ ಕಣ್ಣಿನ ಪೊರೆ ತೆಗೆಸಿದ್ದರು. ತಪಾಸಣೆಗೆ ಡುಲೂತ್‌ಗೆ ಹೋಗುವುದಿತ್ತು, ನಾನೇ ಕಾರು ಓಡಿಸಿದೆ. ಲವಾನಳಿಗೆ ಅಂತ ಹಿಂದಿನ ದಿನ ನನ್ನಿಂದ ಪೊಟೀಟ್ಸಾ ಮಾಡಿಸಿಕೊಂಡಿದ್ದಳು. ಹಿಟ್ಟನ್ನು ಮೇಜಿನ ತುಂಬ ಬಟ್ಟೆಯಷ್ಟು ತೆಳ್ಳಗೆ ಎಳೆದು ಸುತ್ತುವ ಕೆಲಸ ಅದು, ಯಾರಿಗೋಸ್ಕರವೋ ಸುಮ್ಮನೆ ಮಾಡುವಂಥದ್ದಲ್ಲ. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೇಳದೆ ಹೋಗಿ ಅವಳನ್ನು ಬೆಚ್ಚಿಬೀಳಿಸೋಣ ಅಂದಳು.

ಅಂಗಡಿ ಸರೋವರದ ಕಡೆ ಇಳಿಯುವ ಬೀದಿಯಲ್ಲಿತ್ತು. ಲವಾನ್ ಇರಲಿಲ್ಲ, ಮೊಮ್ಮಗುವನ್ನು ಕರೆತರಲು ಹೋಗಿದ್ದಳು. ಅಳಿಯ ಟ್ರೆವರ್ ಇದ್ದ, ಅಚ್ಚಿನ ಯಂತ್ರದ ಪಕ್ಕ ಒಂದು ಹೊಸ ಕಸೂತಿ ಯಂತ್ರವೂ ಇತ್ತು. ಅವನ ಮದುವೆ ಟೆಕ್ಸಸ್‌ನಲ್ಲಾದಾಗ ರೂಡಿ ಆಸ್ಪತ್ರೆಯಲ್ಲಿದ್ದ, ಆರ್ಡಿಸ್ ಹೋಗಿರಲಿಲ್ಲ. ಹಾಗಾಗಿ ಅವನು ಇವಳನ್ನು ಕಂಡವನಲ್ಲ. ಅತ್ತೆಯ ಊರಿನ ಸ್ನೇಹಿತರು ಅಂದೆ. ಪಾಪ, ಒಳ್ಳೆಯ ಹುಡುಗ, ಕುರ್ಚಿ ಹಾಕಿದ, ಕಾಫಿ ಕೊಟ್ಟ. ಆಮೇಲೆ ಕಂಪ್ಯೂಟರಿನ ಎದುರು ಕೂತು ತಲೆ ತಲೆ ಚಚ್ಚಿಕೊಂಡ.

"ಬೇಜಾರು ಮಾಡ್ಕೋಬೇಡಿ," ಅಂದ. "ಇವತ್ತೇ ಕರ್ಲಿಂಗಿನವರಿಗೆ ಕೊಡಬೇಕು, ಇದು ನೋಡಿದ್ರೆ ಏಳ್ತಾನೇ ಇಲ್ಲ. ಹೊಸ ಮ್ಯಾಕ್ ಕಣ್ರೀ, ಒಳಗೆ ಅತ್ತೆಯ ಹಳೇ ವಿಂಡೋಸ್. ಅವರು ಹಳೇ ಅಂಗಡೀಲಿ ಇದ್ದಿದ್ದನ್ನ ಇಡಿಯಾಗಿ ಎತ್ಕೊಂಡು ಬಂದ್ರು. ಇಡೀ ವಿಂಡೋಸು ಒಂದೇ ಫೈಲು, ಜೇಬಿನಲ್ಲಿ ಹಾಕ್ಕೊಂಡು ಬರಬಹುದು, ನೋಡಿ ತಮಾಷೆ."

ಆರ್ಡಿಸ್ ಕಾಫಿ ಲೋಟ ಹಿಡಿದುಕೊಂಡೇ ಇದ್ದಳು.

ಅವನು ಮಾತಾಡುತ್ತಲೇ ಇದ್ದ. ಏನು ಮಾಡಿದರೂ ವೇಗ ಬರುತ್ತಿಲ್ಲವಂತೆ. ಮೆಮೊರಿ ಹೆಚ್ಚು ಕೊಟ್ಟನಂತೆ, ಇಂಟರ್‌ನೆಟ್ ಕಿತ್ತನಂತೆ, ಡಿಸ್ಕು ತುಂಬಿದೆ ಅಂತ ಅತ್ತೆ ತಂದಿದ್ದ ಮೂಲ ನಕಲನ್ನೂ ಹೋದ ತಿಂಗಳು ಅಳಿಸಿಹಾಕಿದನಂತೆ. ಈಗ ಉಳಿದಿರುವುದು ಇದೊಂದೇ. ಅಷ್ಟರಲ್ಲಿ ಪರದೆ ಬೆಳಗಿತು. ಕೆರೆಯ ಮೇಲೆ ಮೊಣಕಾಲೂರಿ, ಮೀನು ಎತ್ತಿ ಹಿಡಿದು, ಕೆಂಪು ಮೂಗಿನ ರೂಡಿ ನಮ್ಮಿಬ್ಬರನ್ನೂ ನೋಡಿ ನಕ್ಕ.

"ಇವರು ಯಾರೋ ಗೊತ್ತಿಲ್ಲ," ಅಂದ ಟ್ರೆವರ್. "ಇದರಲ್ಲೇ ಇದ್ರು. ನಾವು ಮೀನಪ್ಪ ಅಂತೀವಿ. ಎದ್ದಾ ಮೀನಪ್ಪ?"

ನಾನು ಎದ್ದುನಿಂತೆ. ಬಾಯಿಗೆ ಬಂದಿದ್ದನ್ನೆಲ್ಲ ಬೈದುಬಿಡಬೇಕು ಅನ್ನಿಸಿತು. ಆರ್ಡಿಸ್ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಎದ್ದುಹೋಗಿ ಪರದೆಯ ಹತ್ತಿರ ನಿಂತು, ಪೊರೆ ತೆಗೆಸಿದ ಆ ಹೊಸ ಕಣ್ಣಿನಿಂದ ಒಂದೊಂದನ್ನೇ ನೋಡಿದಳು. ಲೂನ್ ಇತ್ತು, ಕರ್ಲಿಂಗಿನ ಕಲ್ಲಿತ್ತು, ರೂಡಿಯ ಯಂತ್ರ ಇತ್ತು. ಎಲ್ಲ ಅವಳು ಇಟ್ಟ ಜಾಗದಲ್ಲೇ.

"ಕೆಲಸ ಮುಗಿದ ಮೇಲೆ ಇದನ್ನ ಪೂರ್ತಿ ಮುಚ್ಚಲ್ವಾ ನೀವು?" ಅಂತ ಕೇಳಿದಳು. ದನಿ ಸಣ್ಣಗಿತ್ತು.

"ಅಯ್ಯೋ, ಮುಚ್ಚೋ ಹಾಗಿಲ್ಲ ಕಣ್ರೀ. ಅತ್ತೆ ತರುವಾಗಲೇ ಇದು ಮಲಗಿತ್ತು. ಮಲಗಿಸಿ ಎಬ್ಬಿಸಿದ್ರೆ ಏನೂ ಕೇಳಲ್ಲ. ಮುಚ್ಚಿದ್ರೆ ಪಾಸ್‌ವರ್ಡ್ ಕೇಳುತ್ತೆ, ಅದು ಅವರಿಗೆ ಮರೆತುಹೋಗಿದೆಯಂತೆ. ಅದಕ್ಕೇ ಮೊದಲ ದಿನದಿಂದ ಮಲಗಿಸ್ತಾ ಎಬ್ಬಿಸ್ತಾ ಇದ್ದೀವಿ."

ಅಲ್ಲಿ ಅವಳಿಗೆ ಎಲ್ಲ ಕೂಡಿಕೊಂಡಿತು. ನನಗೂ. ಇರಲಿ ಬಿಡು ಆರ್ಡಿಸ್, ಮಲಗಿಸಿ ಹೋಗು. ಅವಳು ಊರೆಲ್ಲ ಹೇಳಿಕೊಂಡು ತಿರುಗಿದ ಆ ಕರುಣೆ. ಚಿತ್ರ ಕದ್ದಿದ್ದನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ, ಮೊಮ್ಮಗು, ಅಳಿಯ, ಹೊಟ್ಟೆಪಾಡು ಅಂತ ತಾನೇ ಏನಾದರೊಂದು ನೆಪ ಹುಡುಕಿಕೊಡುತ್ತಿದ್ದಳು. ಆದರೆ ಆ ಚಳಿಗಾಲದ ಒಂದೊಂದು ಸಂಜೆಯ ಆ ಮೆತ್ತನೆಯ ಮಾತು ಇದಕ್ಕಾಗಿ ಅಂತ ಗೊತ್ತಾದ ಮೇಲೆ ಯಾವ ನೆಪವೂ ಸಾಲದಾಯಿತು. ಅವಳು ನೋವನ್ನು ಮುಖದಲ್ಲಿ ತೋರಿಸುವವಳಲ್ಲ. ಅವತ್ತು ತೋರಿಸಿದಳು. ನಾನು ನೋಡಲಾಗದೆ ಆ ಕಡೆ ತಿರುಗಿದೆ.

ಬಾಗಿಲ ಗಂಟೆ ಸದ್ದಾಯಿತು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಲವಾನ್ ಒಳಗೆ ಬಂದಳು. ನಗುತ್ತಲೇ ಬಂದವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ಪರದೆಯ ಮುಂದೆ ನಿಂತ ಆರ್ಡಿಸಳನ್ನು. ಮಗುವನ್ನು ಕೆಳಗಿಳಿಸಿದಳು.

"ಆರ್ಡಿಸ್, ನಾನು ನಿಂಗೆ ಹೇಳೋಣ ಅಂತಾನೇ ಇದ್ದೆ ಕಣೇ," ಅಂದಳು. "ಮಕ್ಕಳು ಹೊಸದಾಗಿ ಶುರು ಮಾಡಿದ್ರು. ನಿನ್ನದು ನಿನ್ನ ಹತ್ತಿರಾನೇ ಇದೆಯಲ್ಲ, ನಾನೇನು ಕಿತ್ಕೊಂಡು ಬಂದ್ನಾ?"

ನನಗೆ ತಡೆಯಲಿಲ್ಲ. ಹಾಕಿಯವರನ್ನ ಕಿತ್ಕೊಂಡೆ, ಕರ್ಲಿಂಗಿನವರನ್ನ ಕಿತ್ಕೊಂಡೆ, ಸತ್ತ ರೂಡಿಯನ್ನೂ ಬಿಡದೆ ಜೇಬಿಗೆ ಹಾಕ್ಕೊಂಡು ಬಂದೆ, ನಿನ್ನ ಮುಖಕ್ಕಿಷ್ಟು, ಅಂದೆ. ಟ್ರೆವರ್ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬೆಪ್ಪಾಗಿ ಕೂತಿದ್ದ. ಅವನಿಗೆ ಆಗ ತಾನೇ ಮೀನಪ್ಪ ಯಾರು ಅಂತ ತಿಳಿಯುತ್ತಿತ್ತು.

ಆರ್ಡಿಸ್ ಪರದೆಯ ಕಡೆ ತಿರುಗಿದಳು. ಬಗ್ಗಿ, ಟ್ರೆವರನ ಕೈಯಿಂದ ಮೌಸನ್ನು ಮೆಲ್ಲಗೆ ತೆಗೆದುಕೊಂಡಳು. ಅವನು ಬಿಟ್ಟುಕೊಟ್ಟ.

"ನೀನೇ ಕಲಿಸಿದ್ದು ಲವಾನ್," ಅಂದಳು. "ಕೆಲಸ ಮುಗಿದ ಮೇಲೆ ಪೂರ್ತಿ ಮುಚ್ಚಬೇಕು."

ಬರ್ತೀನಿ ಅಂತ ರೂಡಿಗೆ ಹೇಳಿದಳು, ಅಂಗಡಿಯಲ್ಲಿ ದಿನಾ ಹೇಳುವ ಹಾಗೆ. ಗುಂಡಿ ಒತ್ತಿದಳು. ರೂಡಿ ಮಾಯವಾದ, ಪರದೆ ಕಪ್ಪಾಯಿತು. ಟ್ರೆವರ್ ಗಾಬರಿಯಾಗಿ ಮತ್ತೆ ತೆರೆದ. ನೀಲಿ ಪರದೆಯ ಮಧ್ಯೆ ಒಂದು ಖಾಲಿ ಗೆರೆ ಪಾಸ್‌ವರ್ಡಿಗಾಗಿ ಕಾಯುತ್ತ ಮಿನುಗಿತು. ಬಲ್ಲವರನ್ನು ಯಾರನ್ನಾದರೂ ಕರೆಸಿದ್ದರೆ ಅದನ್ನು ಒಡೆದು ಕೊಡುತ್ತಿದ್ದರೋ ಏನೋ, ನನಗೆ ತಿಳಿಯದು. ಕದ್ದ ಮಾಲಿನ ಬೀಗ ಒಡೆಸಲು ಯಾವ ಮುಖ ಇಟ್ಟುಕೊಂಡು ಕರೆಸುತ್ತಾರೆ.

ನಾವು ಹೊರಗೆ ಬಂದು ಕಾರು ಹತ್ತಿದೆವು. ಲವಾನ್ ಹಿಂದೆಯೇ ಓಡಿಬಂದಳು, ಕೋಟು ಇಲ್ಲದೆ, ಆ ಸರೋವರದ ಗಾಳಿಯಲ್ಲಿ. ಕ್ಷಮಿಸು ಅನ್ನುತ್ತಾಳೆ ಅಂತ ನಾನು ಅಂದುಕೊಂಡೆ. ಆರ್ಡಿಸ್ ಕೂಡ ಹಾಗೇ ಅಂದುಕೊಂಡಿರಬೇಕು, ಕಿಟಕಿ ಇಳಿಸಿದಳು.

"ಪಾಸ್‌ವರ್ಡ್ ಹೇಳಿಬಿಡೇ," ಅಂದಳು ಲವಾನ್. "ಈ ಒಂದು ಕೆಲಸ ಮುಗಿಸ್ಕೊಳ್ಳಲಿ ಅವನು, ಆಮೇಲೆ ನಾನೇ ಅಳಿಸಿಹಾಕ್ತೀನಿ, ಮಗು ಮೇಲಾಣೆ. ನಾನು ಆಗಲೇ ಎಲ್ಲಾ ಹಾಕಿ ನೋಡಿದ್ದೆ, ನಮ್ಮಂಗಡೀಲೇ, ಬೆಳಗ್ಗೆ ನೀನು ಬರೋ ಮೊದಲು. ರೂಡಿ ಹೆಸರು ಹಾಕಿದ್ದೆ. ನಿಮ್ಮಮ್ಮನ ಹೆಸರು ಹಾಕಿದ್ದೆ. ನಿಮ್ಮ ನಾಯಿ ಹೆಸರೂ ಹಾಕಿದ್ದೆ. ಯಾವುದೂ ತೆರೀಲಿಲ್ಲ."

ಆರ್ಡಿಸ್ ಅವಳನ್ನೇ ನೋಡಿದಳು. ಕಿಟಕಿ ಏರಿಸಿದಳು. ನಾನು ಕಾರು ಬಿಟ್ಟೆ, ಬೇಕಂತಲೇ ಜೋರಾಗಿ.

ಗುಡ್ಡ ಹತ್ತಿ ಊರಿನ ದಾರಿ ಹಿಡಿದೆವು. ಪೊಟೀಟ್ಸಾದ ಡಬ್ಬಿ ಅವಳ ತೊಡೆಯ ಮೇಲೇ ಇತ್ತು. ಕೊಡುವುದು ಮರೆತಿತ್ತೋ, ಕೊಡಲು ಮನಸ್ಸಾಗಲಿಲ್ಲವೋ. ನಾನು ಲವಾನಳನ್ನು ಹಿಂದೆ ಮುಂದೆ ನೋಡದೆ ಬೈಯುತ್ತ ಹೋದೆ, ಊರಿಗೆ ಹೋಗಿ ಹಾಕಿಯವರಿಗೂ ಕರ್ಲಿಂಗಿನವರಿಗೂ ಎಲ್ಲ ಹೇಳಿ ಅವರನ್ನು ನಿನ್ನ ಬಾಗಿಲಿಗೆ ನಾನೇ ಎಳೆದು ತರುತ್ತೇನೆ ಅಂದೆ. ತಂದೆ ಕೂಡ, ಆ ಮಾತು ಬೇರೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿಂದ ಒತ್ತುತ್ತ, ಹೊರಗೆ ನೋಡುತ್ತ ಕೂತಿದ್ದಳು.

"ನಾಯಿ ಹೆಸರೂ ಹಾಕಿ ನೋಡಿದ್ದಾಳೆ ಜೋಸಿ," ಅಂದಳು ಕೊನೆಗೆ. "ತನ್ನ ಹೆಸರು ಒಂದು ಸಲ ಹಾಕಿ ನೋಡಿಲ್ಲ."